ಸೋಪಿನ ಮೇಡಂ ಕೇಳಿದ ಪ್ರಶ್ನೆಗಳು

ನಮ್ಮೂರಿನಲ್ಲಿ ಮನೆಗೆ ಬಂದವರನ್ನು ಕಾಫಿಯೋ ಟೀಯೋ ಎಂದು ಕೇಳುವ ಪದ್ಧತಿ ಇಲ್ಲ. ಏನು ಮಾಡಿದ್ದೇವೋ ಅದನ್ನು ತಂದು ಮುಂದಿಡುತ್ತೇವೆ, ಬಂದವರು ಕುಡಿಯುತ್ತಾರೆ. ಕೇಳಿದರೆ ಅವರು ಒಂದನ್ನು ಹೇಳಬೇಕಾಗುತ್ತದೆ. ಒಂದನ್ನು ಹೇಳಿದರೆ ಇನ್ನೊಂದು ಅವರ ಪಾಲಿಗೆ ಇಲ್ಲ. ಕಾಫಿ ಎಂದವರ ಬಾಯಿಗೆ ಅಂದಿನಿಂದ ಟೀ ಬರೀ ಬಿಸಿನೀರು. ಬಾಯಲ್ಲಿ ಹೇಳಿದರೂ ಅಷ್ಟೇ, ಬೆರಳು ತೋರಿಸಿದರೂ ಅಷ್ಟೇ. ಬಟ್ಟೆ ಅಂಗಡಿಯ ಶೆಟ್ಟರು ಕೈಗೆ ಸಿಕ್ಕ ಸೀರೆಯನ್ನು ಸುತ್ತಿ ಕೊಡುತ್ತಾರೆ, ಉಟ್ಟವರು ಚೆನ್ನಾಗಿದೆ ಎನ್ನುತ್ತಾರೆ. ಮದುವೆಗೆ ಒಂದೇ ಗಂಡನ್ನು ಕರೆಸುತ್ತಾರೆ, ಎರಡನೆಯವನ ಫೋಟೋವನ್ನು ಮನೆಯೊಳಗೇ ತರುವುದಿಲ್ಲ. ಹೊರಗಿನವರಿಗೆ ಇದು ಕಷ್ಟ ಅನ್ನಿಸಬಹುದು. ನಾವು ಅವರನ್ನು ನೋಡಿ ಅಯ್ಯೋ ಪಾಪ ಎನ್ನುತ್ತೇವೆ, ದಿನಬೆಳಗಾದರೆ ಎಷ್ಟೊಂದು ಕೇಳಿಸಿಕೊಳ್ಳಬೇಕು ಅವರು.

ನಾನು ಬಸ್ ಸ್ಟ್ಯಾಂಡಿನ ಎದುರು ಮೆಸ್ ನಡೆಸುತ್ತೇನೆ. ಪಂಕಜಮ್ಮನ ಮೆಸ್ ಎಂದರೆ ಯಾರಾದರೂ ತೋರಿಸುತ್ತಾರೆ. ತಿಂಡಿಗಳ ಹೆಸರು ಬರೆದ ಬೋರ್ಡು ನನ್ನಲ್ಲಿಲ್ಲ. ಕೂತರೆ ಎಲೆ ಬೀಳುತ್ತದೆ, ಎಲೆಯ ಮೇಲೆ ಅವತ್ತಿನದು ಬೀಳುತ್ತದೆ. ಬಡಿಸುವಾಗ ಇನ್ನೂ ಸ್ವಲ್ಪ ಹಾಕಲೇ ಎಂದೂ ಕೇಳುವುದಿಲ್ಲ. ಬೇಡ ಎಂದು ಒಬ್ಬ ಬಾಯಿತಪ್ಪಿ ಅಂದರೆ ಸಾರಿನ ರುಚಿಯೇ ಅವನಿಗೆ ಹೋಗಿಬಿಡುತ್ತದೆ, ಆಮೇಲೆ ಅವನ ಹೆಂಡತಿ ಬಂದು ನನ್ನ ಹತ್ತಿರ ಜಗಳಕ್ಕೆ ನಿಲ್ಲುತ್ತಾಳೆ. ಸಾಕಾದವರು ಸುಮ್ಮನೆ ಎಲೆ ಮಡಚುತ್ತಾರೆ. ನಮ್ಮೂರಿನಲ್ಲಿ ಎಲೆ ಮಡಚಿದ ಮೇಲೆ ಮಾತಿಲ್ಲ.

ನನ್ನ ತಮ್ಮ ಫಾಲಾಕ್ಷನಿಗೆ ರೇಡಿಯೋ, ಮಿಕ್ಸಿ ರಿಪೇರಿ ಮಾಡುವ ಅಂಗಡಿ ಇದೆ. ಇದೆ ಎನ್ನುವುದಕ್ಕಿಂತ ಅವನು ಅಲ್ಲೇ ಇರುತ್ತಾನೆ ಎನ್ನುವುದು ಸರಿ. ಊಟಕ್ಕೆ ಕರೆದರೆ ಒಂದು ತಂತಿ ಹಚ್ಚಿ ಬಂದೆ ಎನ್ನುತ್ತಾನೆ, ಆ ತಂತಿ ಹಚ್ಚಿ ಮುಗಿಯುವುದಿಲ್ಲ. ಅವನ ಹೆಂಡತಿ ಕಾತ್ಯಾಯಿನಿ ಹೊರಗಿನಿಂದ ಬಂದವಳು, ಬಟ್ಟೆ ಹೊಲಿಯುತ್ತಾಳೆ. ಹೊರಗಿನಿಂದ ಬಂದವರಿಗೂ ಸ್ವಲ್ಪ ಕಾಲ ಇಲ್ಲಿದ್ದರೆ ಊರಿನ ಗುಣ ಹತ್ತುತ್ತದೆ. ಅವಳಿಗೂ ಹತ್ತಿತ್ತು, ಎಲ್ಲ ತಿಳಿದಿತ್ತು. ಆದರೂ ಒಂದು ಸಂಜೆ ತಾಳ್ಮೆ ಕಳೆದುಕೊಂಡು ಅಂಗಡಿ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು.

"ನಿಮಗೆ ಈ ಅಂಗಡಿ ಬೇಕೋ, ನಾನು ಬೇಕೋ?"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರಂತೆ. ಫಾಲಾಕ್ಷ ಬೆಸುಗೆ ಕಡ್ಡಿ ಹಿಡಿದುಕೊಂಡು ಕೂತೇ ಇದ್ದ. ನೀನೇ ಬೇಕು ಎಂದಿದ್ದರೆ ಮರುಕ್ಷಣ ಅಂಗಡಿ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಕೂತ ಸ್ಟೂಲು ಕೂಡ. ಅವನು ಬಾಯಿ ಬಿಡಲಿಲ್ಲ. ಅವಳು ಅವತ್ತೇ ಮಗಳನ್ನು ಕರೆದುಕೊಂಡು ಮೆಸ್ಸಿನ ಆಚೆ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದಳು.

"ಒಂದು ಅಂಗಡಿ ಕಾಣದೇ ಹೋದ್ರೆ ಸತ್ತುಹೋಗ್ತಿದ್ರಾ ಅತ್ತಿಗೆ ಇವರು?" ಎಂದು ನನ್ನ ಮುಂದೆ ಅತ್ತಳು. ಅವನು ಬಂದು, "ಅಂಗಡಿ ಕಾಣದೇ ಹೋದ್ರೆ ಇವಳಿಗೆ ಏನು ತಂದು ಹಾಕ್ಲಿ ಅಕ್ಕ?" ಎಂದ. ಇಬ್ಬರ ಮಾತೂ ನನಗೆ ಸರಿಯಾಗಿಯೇ ಕಂಡಿತು. ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ವಿಷಯ ಜಿಲ್ಲೆಯ ಕೋರ್ಟಿಗೆ ಹೋಯಿತು. ಮಗಳು ಚಂಪಾಳಿಗೆ ಏಳು ವರ್ಷ. ಅಲ್ಲಿಯ ಜಡ್ಜು ಹೊರಗಿನವರು, ಮಗುವನ್ನು ಒಳಗೆ ಕರೆದು ಅಮ್ಮ ಬೇಕೋ ಅಪ್ಪ ಬೇಕೋ ಎಂದು ಕೇಳುವುದು ಅವರ ಕ್ರಮ ಎಂದು ವಕೀಲರು ಹೇಳಿದರು. ಇಬ್ಬರಲ್ಲಿ ಒಪ್ಪಂದವಾದರೆ ಕೇಳುವುದಿಲ್ಲವಂತೆ. ಆದರೆ ಮಗು ತನ್ನ ಹತ್ತಿರವೇ ಇರಬೇಕೆಂದು ಇಬ್ಬರೂ ಹಟ ಹಿಡಿದಿದ್ದರು.

ಕೇಳಿದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ಬಸ್ ಕಂಡಕ್ಟರ್ ದ್ಯಾವಪ್ಪನನ್ನು ದಿನಾ ನೋಡುತ್ತೇವಲ್ಲ. ಅವನನ್ನು ಚಿಕ್ಕಂದಿನಲ್ಲಿ ಹಾಗೆ ಕೇಳಿದ್ದರು, ಅವನು ಅಪ್ಪ ಎಂದಿದ್ದ. ಅವನ ತಾಯಿ ಈಗಲೂ ಅವನ ಬಸ್ಸಿನಲ್ಲೇ ಓಡಾಡುತ್ತಾಳೆ, ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ. ಆ ಸೀಟು ಖಾಲಿ ಇದೆಯಲ್ಲ, ಕೂತ್ಕೊಳ್ಳಿ ಎಂದು ದ್ಯಾವಪ್ಪ ನಿಂತವರಿಗೆ ಹೇಳುತ್ತಾನೆ. ಅವರು ಪರವಾಗಿಲ್ಲ ಎಂದು ನಿಂತೇ ಇರುತ್ತಾರೆ. ಅವಳು ಕಿಟಕಿಯ ಕಡೆ ನೋಡುತ್ತಾಳೆ.

ಇಂಥ ಹೊತ್ತಿನಲ್ಲಿ ಸೋಪಿನ ಮೇಡಂ ಬಂದರು. ಅವರ ಹೆಸರು ನಿವೇದಿತಾ. ಒಂದು ಕಂಪನಿ ಹೊಸ ಸೋಪು ಮಾಡುವುದರಲ್ಲಿತ್ತು, ಜನರಿಗೆ ಎಂಥದ್ದು ಇಷ್ಟ ಎಂದು ಮೊದಲೇ ತಿಳಿದುಕೊಳ್ಳಲು ಅವರನ್ನು ಕಳಿಸಿತ್ತು. ಊರ ತುಂಬ ಪ್ರಶ್ನೆ ಕೇಳಲು ಒಪ್ಪುತ್ತೀರಾ, ಇಲ್ಲವಾ ಎಂದು ಪಂಚಾಯಿತಿ ಅಧ್ಯಕ್ಷರನ್ನು ಕೇಳಿದರು. ಇಲ್ಲ ಎಂದಿದ್ದರೆ ಏನೇನು ಹೋಗುತ್ತಿತ್ತೋ ಏನೋ. ನಮ್ಮ ಅಧ್ಯಕ್ಷರು ಇಂಥದಕ್ಕೆಲ್ಲ ಒಪ್ಪಿ ಒಪ್ಪಿಯೇ ಊರಿಗೆ ಬಸ್ ಸ್ಟ್ಯಾಂಡಿಗಿಂತ ದೊಡ್ಡ ಗಡಿಯಾರದ ಕಂಬ ಬಂದಿದೆ. ಮೇಡಂಗೆ ನನ್ನ ಮೆಸ್ಸಿನ ಮೇಲಿನ ರೂಮನ್ನು ಕೊಡಿಸಿದರು.

ನಮ್ಮ ಗುಣವನ್ನು ಅವರು ಮೊದಲು ನಂಬಲಿಲ್ಲ. ಬಂದ ಹೊಸದರಲ್ಲಿ "ಟೀ ಬೇಡ, ನನಗೆ ಕಾಫೀನೇ" ಎಂದು ತಾವಾಗಿಯೇ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಎದುರುಮನೆಯವರು ಕೊಟ್ಟ ಟೀ ಕುಡಿದು ಅಲ್ಲೇ ಬಹಳ ಹೊತ್ತು ಲೋಟ ನೋಡುತ್ತ ಕೂತಿದ್ದರು. ಅಂದಿನಿಂದ ಅವರ ಕೆಲಸದ ರೀತಿ ಬದಲಾಯಿತು. ಕೆಟ್ಟವರೇನಲ್ಲ, ಕೆಲಸದ ಮೇಲೆ ಪ್ರಾಣ ಇಟ್ಟುಕೊಂಡವರು.

ಅವರ ಪ್ರಶ್ನೆಗಳು ಕಾರ್ಡಿನ ಮೇಲಿರುತ್ತಿದ್ದವು. ಒಂದು ಕಾರ್ಡಿನಲ್ಲಿ ಎರಡು ಸೋಪು. ಒಂದು ಗಂಧದ ವಾಸನೆಯದು, ದುಂಡಗೆ, ಹಸಿರು. ಇನ್ನೊಂದು ನಿಂಬೆಯದು, ಉದ್ದಕ್ಕೆ, ಬಿಳಿ. ಯಾವುದು ಎಂದು ಬೆರಳಿಡಬೇಕು. ವಾಸನೆ, ಬಣ್ಣ, ಆಕಾರ, ಹೊದಿಕೆ, ಬೆಲೆ ಎಲ್ಲವನ್ನೂ ಅದಲುಬದಲು ಮಾಡಿದರೆ ನೂರಾರು ಬಗೆಯ ಸೋಪು ಆಗುತ್ತವೆ. ಎಲ್ಲವನ್ನೂ ಎಲ್ಲರಿಗೂ ತೋರಿಸುತ್ತ ಹೋದರೆ ನಮ್ಮೂರಿನವರ ಬಳಿ ಏನೂ ಉಳಿಯುವುದಿಲ್ಲ.

"ಎಲ್ಲಾನೂ ಕೇಳೋದು ಬೇಕಾಗಿಲ್ಲ ಪಂಕಜಮ್ಮ," ಎಂದರು ಒಂದು ಮಧ್ಯಾಹ್ನ, ಅಡುಗೆಮನೆಯ ಮಣೆಯ ಮೇಲೆ ಕೂತು. "ಒಂದು ಬೀದಿಗೆ ಕೆಲವು ಕಾರ್ಡು, ಇನ್ನೊಂದು ಬೀದಿಗೆ ಬೇರೆ ಕೆಲವು. ಯಾವ ಕಾರ್ಡು ಬಿಡಬಹುದು, ಯಾವುದು ಬಿಡಬಾರದು ಅಂತ ಲೆಕ್ಕ ಇದೆ. ಆ ಲೆಕ್ಕ ಸರಿ ಇದ್ರೆ, ಕೇಳದೇ ಇರೋ ಪ್ರಶ್ನೆಗೂ ಉತ್ತರ ಸಿಗುತ್ತೆ."

"ಕೇಳದೇನೇ?"

"ಕೇಳದೇನೇ."

"ಸಾರಿಗೆ ಉಪ್ಪು ನೋಡೋಕೆ ಕೊಳದಪ್ಪಲೆ ಎಲ್ಲಾ ಕುಡಿಯಲ್ಲ, ಒಂದು ಸೌಟು ನೋಡ್ತೀವಲ್ಲ, ಹಾಗೆ ಅನ್ನಿ."

"ಹಾಗೇ. ಮೊದ್ಲು ಚೆನ್ನಾಗಿ ಕಲಕಿರಬೇಕು, ಅಷ್ಟೆ."

ಈ ಕಲಕುವುದನ್ನು ಅವರು ಬಹಳ ನಿಷ್ಠೆಯಿಂದ ಮಾಡುತ್ತಿದ್ದರು. ಅರ್ಚಕರ ಬೀದಿಗೆ ಗಂಧದ ಕಾರ್ಡು ಹೋದಾಗ, ಬೇರೆ ಬೀದಿಗೆ ಹಾಕಬಾರದಿತ್ತೇ ಎಂದು ನಾನು ಗೊಣಗಿದೆ. "ನಾನು ಆರಿಸೋ ಹಾಗಿಲ್ಲ. ಚೀಟಿ ಎತ್ತಿ ಬಂದಿದ್ದನ್ನ ಹಾಕೋದು" ಎಂದರು. ಅದನ್ನು ಕೇಳಿ ಊರವರಿಗೆ ಅವರ ಮೇಲೆ ಗೌರವ ಬಂತು, ನಮ್ಮ ಹಾಗೆಯೇ ಬಾಳುವವರು ಎಂದುಕೊಂಡರು. ಕಾರ್ಡುಗಳು ಬಂದವು, ಹೋದವು. ಜನ ಹೊಂದಿಕೊಂಡರು. ನಿಂಬೆಯ ವಾಸನೆ ಕಳೆದುಕೊಂಡ ಬೀದಿಯವರು ಉಪ್ಪಿನಕಾಯಿ ಹಾಕುವಾಗ ಪಕ್ಕದ ಬೀದಿಯಿಂದ ಒಬ್ಬರನ್ನು ಕರೆಸಿ ಮೂಸಲು ಹೇಳುತ್ತಾರೆ. ಅರ್ಚಕರು ಗಂಧ ತೇಯುತ್ತಾರೆ, ವಾಸನೆ ಬರುತ್ತದೆಂದು ನಂಬುತ್ತಾರೆ. ನಂಬುವುದು ಅವರಿಗೆ ಹೇಗೂ ಅಭ್ಯಾಸ.

ನನ್ನ ತಲೆಯಲ್ಲಿ ಮಾತ್ರ ಅವರ ಒಂದು ಮಾತು ಕೊರೆಯುತ್ತಿತ್ತು. ಕೇಳದ ಪ್ರಶ್ನೆಗೂ ಉತ್ತರ. ಕೊನೆಗೆ ತಮ್ಮನ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ದ್ಯಾವಪ್ಪನ ಬಸ್ಸಿನಲ್ಲಿ ಅವರೂ ಬಂದಿದ್ದರು, ಆ ಸೀಟನ್ನು ನೋಡಿದ್ದರು. ಯೋಚಿಸಿ, ಒಂದು ದಾರಿ ಇದೆ ಎಂದರು. ಅಮ್ಮನೋ ಅಪ್ಪನೋ ಎಂದು ಯಾವ ಕಾರ್ಡಿನಲ್ಲೂ ಕೇಳುವುದಿಲ್ಲ. ಅಮ್ಮನದೊಂದು ಸಣ್ಣ ಸಂಗತಿಯನ್ನು ಮಗುವಿನ ಇಷ್ಟದ ಒಂದು ವಸ್ತುವಿನ ಎದುರು ಇಡುವುದು. ಇನ್ನೊಂದು ಕಾರ್ಡಿನಲ್ಲಿ ಅಪ್ಪನದೊಂದು ಸಂಗತಿ, ಅದರ ಎದುರಿಗೂ ಅಂಥದ್ದೇ ಒಂದು ವಸ್ತು. ಎಷ್ಟು ಸಲ ಅಮ್ಮನ ಕಡೆ, ಎಷ್ಟು ಸಲ ಅಪ್ಪನ ಕಡೆ ಬೆರಳು ಹೋಗುತ್ತದೆ ಎಂಬುದರಿಂದ ಅವಳ ಮನಸ್ಸು ಯಾರ ಕಡೆ ಹೆಚ್ಚು ವಾಲಿದೆ ಎಂದು ತಿಳಿಯುತ್ತದೆ. ಅದನ್ನು ಇಬ್ಬರೂ ಒಪ್ಪಿ ಕೋರ್ಟಿಗೆ ಹೇಳಿದರೆ ಜಡ್ಜು ಮಗುವನ್ನು ಕೇಳಬೇಕಾಗುವುದಿಲ್ಲ.

"ಅಷ್ಟಿಷ್ಟು ಹೋಗುತ್ತೆ," ಎಂದರು. "ಅಮ್ಮ ಜಡೆ ಹಾಕೋದೋ, ಅಪ್ಪ ಶಿಳ್ಳೆ ಹೊಡೆಯೋದೋ. ಮನುಷ್ಯರು ಉಳ್ಕೋತಾರೆ."

ಕಾತ್ಯಾಯಿನಿ ಕೂಡಲೇ ಒಪ್ಪಿದಳು. "ಜಡೆ ಹೋದ್ರೆ ಹೋಗ್ಲಿ, ನಾನು ಅವಳ ಕಣ್ಣಿಗೆ ಕಂಡ್ರೆ ಸಾಕು." ಫಾಲಾಕ್ಷ ತಲೆಯಾಡಿಸಿದ. ಲೆಕ್ಕ ಯಾರ ಕಡೆ ಹೇಳಿದರೂ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಒಪ್ಪಬೇಕು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ. ಆ ಕೆಲವು ವಾರ ಚಂಪಾ ನನ್ನ ಬಳಿಯೇ ಇರುವುದೆಂದಾಯಿತು.

ಸಂಜೆ ಮೇಲಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕಾರ್ಡು ತೋರಿಸುತ್ತಿದ್ದರು. ಹತ್ತಿರದವರು ಇದ್ದರೆ ಮಕ್ಕಳು ಅವರ ಮುಖ ನೋಡಿ ಉತ್ತರ ಹೇಳುತ್ತಾರೆ, ಹಾಗಾಗಿ ನನಗೆ ಪ್ರವೇಶವಿರಲಿಲ್ಲ. ಚಂಪಾ ಇಳಿದು ಬಂದಾಗ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಕಾತ್ಯಾಯಿನಿ ಬಂದು ತಲೆ ಬಾಚಿದರೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡುತ್ತಿದ್ದಳು. ಫಾಲಾಕ್ಷ ಬೀದಿಯ ಕೊನೆಯಿಂದ ಶಿಳ್ಳೆ ಹೊಡೆದರೆ ಓಡುತ್ತಿದ್ದಳು. ಜಡೆಯೂ ಉಳಿದಿದೆ, ಶಿಳ್ಳೆಯೂ ಉಳಿದಿದೆ, ಮೇಡಂ ಬಹಳ ಜಾಣತನದಿಂದ ಮಾಡುತ್ತಿದ್ದಾರೆ ಎಂದು ನಾನು ಖುಷಿಪಟ್ಟೆ. ಹಾಗಾದರೆ ಹೋಗುತ್ತಿರುವುದು ಏನು ಎಂದು ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಒಂದು ಹುಣ್ಣಿಮೆಯ ದಿನ ಮೆಸ್ಸಿನಲ್ಲಿ ಪಾಯಸ ಮಾಡಿದ್ದೆ. ಅವತ್ತು ಜನ ಜಾಸ್ತಿ, ಒಲೆಯ ಮೇಲೆ ಮೂರು ಪಾತ್ರೆ. ಗಡಿಬಿಡಿಯಲ್ಲಿ ಬೆಲ್ಲ ಹಾಕುವುದನ್ನೇ ಮರೆತೆ. ಪುಡಿ ಮಾಡಿದ ಬೆಲ್ಲ ತಟ್ಟೆಯಲ್ಲಿ ಹಾಗೇ ಕೂತಿತ್ತು. ನಮ್ಮೂರಿನವರಾದ್ದರಿಂದ ಯಾರೂ ಚಕಾರ ಎತ್ತಲಿಲ್ಲ, ಒಬ್ಬೊಬ್ಬರಾಗಿ ಎಲೆ ಮಡಚಿದರು. ಎಂದೂ ಪಾಯಸ ಬಿಡದ ಪೋಸ್ಟ್ ಮಾಸ್ಟರು ಮಡಚಿದಾಗ ನಾನು ಬೆರಳದ್ದಿ ನೋಡಿದೆ. ಮುದ್ದೆಯಾದ ಅನ್ನ, ಸಪ್ಪೆ ಹಾಲು. ನನಗೆ ನಗು ಬಂತು. ಮೂಲೆಯಲ್ಲಿ ಚಂಪಾ ಕೂತು ಉಣ್ಣುತ್ತಿದ್ದಳು. ಎಲೆಯನ್ನು ಬೆರಳಲ್ಲಿ ಬಳಿದು ನೆಕ್ಕಿ ನನ್ನ ಕಡೆ ನೋಡಿದಳು.

"ತುಂಬಾ ಸಿಹಿಯಾಗಿದೆ ಅತ್ತೆ," ಎಂದಳು.

 ಅವಳನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಚೂರು ಬೆಲ್ಲ ಬಾಯಿಗಿಟ್ಟೆ. ಬೆಣಚುಕಲ್ಲು ಚೀಪಿದಂತೆ ಚೀಪಿ, ಅದೂ ಚೆನ್ನಾಗಿದೆ ಎಂದಳು. ಇನ್ನೇನು ಹೋಗಿದೆಯೋ ಎಂದು ದೇವರ ಮುಂದಿದ್ದ ಚೆಂಡುಹೂವನ್ನು ತಂದು ತೋರಿಸಿದೆ.

"ಇದು ಯಾವ ಬಣ್ಣ ಪುಟ್ಟ?"

ಅವಳು ಹೂವನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ಅಲ್ಲಿ ಉತ್ತರ ಸಿಗುತ್ತದೋ ಎಂಬಂತೆ.

"ಚೆನ್ನಾಗಿರೋ ಬಣ್ಣ," ಎಂದಳು.

ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ನಿವೇದಿತಾ ಬಾಗಿಲು ತೆಗೆದವರು ಸೌಟು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಎಷ್ಟು ಕಾರ್ಡು ತೋರಿಸಿದ್ರಿ ಮಗೂಗೆ?"

"ಪ್ರತಿಯೊಂದ್ರಲ್ಲೂ ಅಮ್ಮಂದು ಇಲ್ಲಾ ಅಪ್ಪಂದು ಯಾವುದಿತ್ತೋ ಅದರ ಮೇಲೇನೇ ಬೆರಳಿಟ್ಟಳು ಪಂಕಜಮ್ಮ." ಅವರ ದನಿ ತಗ್ಗಿತ್ತು. "ಅಮ್ಮನ ಜಡೆ, ಬೆಲ್ಲ ಅಂದ್ರೆ ಜಡೆ. ಅಪ್ಪನ ಶಿಳ್ಳೆ, ಹಳದಿ ಬಣ್ಣ ಅಂದ್ರೆ ಶಿಳ್ಳೆ. ಒಂದೇ ಒಂದ್ಸಲ ಬೆಲ್ಲದ ಕಡೆ ಹೋಗಿದ್ರೂ ನನಗೆ ಲೆಕ್ಕ ಸಿಗ್ತಿತ್ತು. ಹೋಗ್ಲಿಲ್ಲ. ಕಾರ್ಡು ಸುಲಭ ಆಯ್ತೇನೋ ಅಂದ್ಕೊಂಡು ಇನ್ನೂ ಇಷ್ಟ ಆಗೋ ವಸ್ತು ಇಟ್ಟೆ. ಸುಲಭದ ಪ್ರಶ್ನೆಯಿಂದ ಏನೂ ತಿಳಿಯಲ್ಲ. ಬಿಡೋಕೇ ಆಗದಂಥದ್ದನ್ನ ಎದುರುಬದುರು ಇಟ್ರೇನೇ ಮನಸ್ಸು ಗೊತ್ತಾಗೋದು. ನಮ್ಮ ಕೆಲಸದಲ್ಲಿ ಅದೇ ಒಳ್ಳೇ ಪ್ರಶ್ನೆ."

"ಇನ್ನೇನೇನು ಹೋಯ್ತು?"

"ಸೀಬೆಹಣ್ಣು. ಜೋಕಾಲಿ. ನಿಮ್ಮ ಬೆಕ್ಕಿನ ಮರಿ."

ನನಗೆ ಆಗ ನೆನಪಾಯಿತು. ಆ ವಾರ ಮರಿ ಅವಳ ಕಾಲಿಗೆ ಮೈ ಉಜ್ಜುತ್ತಿದ್ದರೆ ಅವಳು ಸುಮ್ಮನೆ ನಡೆದು ಹೋಗುತ್ತಿದ್ದಳು. ಬೇಸರವಾಗಿದೆಯೇನೋ ಎಂದುಕೊಂಡಿದ್ದೆ.

"ಮೊದಲ ದಿನಾನೇ ಒಂದು ಮಾತು ಕೇಳಿದ್ಲು," ಎಂದರು ನಿವೇದಿತಾ. "ಇದನ್ನೆಲ್ಲ ಸರಿಯಾಗಿ ಮಾಡಿದ್ರೆ ಅಮ್ಮ ಅಪ್ಪ ಇಬ್ರೂ ಕಾಣ್ತಾ ಇರ್ತಾರಾ ಅಂತ. ಹೂಂ ಅಂದೆ. ನಾನು ಹೇಳಿದ್ದು ಲೆಕ್ಕದ ಮಾತು. ಅವಳು ಯಾವತ್ತೂ ಅಮ್ಮ ಅಪ್ಪನ್ನ ಬಿಡದೇ ಇರೋದೇ ಸರಿಯಾದ ಉತ್ತರ ಅಂತ ತಿಳ್ಕೊಂಡ್ಲು."

ಹೊಡೆಯಬೇಕೆಂದು ಹೋದವಳಿಗೆ ಹೊಡೆಯಲು ಆಗಲಿಲ್ಲ. ಅವರು ಅಳುತ್ತಿದ್ದರು. ಲೆಕ್ಕ ಏನು ಹೇಳುತ್ತದೆ ಎಂದಷ್ಟೇ ಕೇಳಿದೆ. ಇಬ್ಬರೂ ಸಮ, ಒಂದು ಕೂದಲಿನಷ್ಟೂ ಆಚೀಚೆ ಇಲ್ಲ ಎಂದರು. ಇಷ್ಟೆಲ್ಲ ಕೊಟ್ಟು ತಿಳಿದುಕೊಂಡದ್ದು ಇಷ್ಟು.

ಮೆಸ್ಸಿನ ಗಿರಾಕಿಗಳೆಲ್ಲ ಹೋದ ಮೇಲೆ ಇಬ್ಬರನ್ನೂ ಕರೆಸಿದೆ. ಎದುರುಬದುರು ಕೂರಿಸಿ ಎಲೆ ಹಾಕಿದೆ, ಆ ಸಪ್ಪೆ ಪಾಯಸವನ್ನೇ ಬಡಿಸಿದೆ. ಚಂಪಾ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಇಬ್ಬರೂ ಒಂದೊಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದರು.

"ನಿಮ್ಮ ಮಗಳು ಇದನ್ನ ತುಂಬಾ ಸಿಹಿ ಅಂದ್ಲು," ಎಂದೆ. ಉಳಿದದ್ದನ್ನೂ ಒಂದೂ ಬಿಡದೆ ಹೇಳಿದೆ. 

ಕಾತ್ಯಾಯಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಕೇಳಿದ್ದು ನಾನು," ಎಂದಳು ಸೆರಗಿನ ಒಳಗಿಂದಲೇ. "ಅವತ್ತು ಅಂಗಡಿ ಬಾಗಿಲಲ್ಲಿ ಕೇಳಿದ್ದು ನಾನು. ಉತ್ತರ ಅವಳು ಕೊಡೋ ಹಾಗಾಯ್ತು."

ಫಾಲಾಕ್ಷ ಎಲೆಯನ್ನೇ ನೋಡುತ್ತಿದ್ದ. "ಏಳು ವರ್ಷದ ಕೂಸು ಬೆಲ್ಲ ಬಿಟ್ಟಿದೆ. ನಾನು ಒಂದು ಅಂಗಡಿ ಬಿಡಲಿಲ್ಲ," ಎಂದ. ಆಮೇಲೆ ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ. "ಈಗ ಹೇಳ್ತೀನಿ ಕಾತ್ಯಾಯಿನಿ. ನನಗೆ ಬೇಕಾಗಿರೋದು..."

ಅವಳು ಮುಂದಕ್ಕೆ ಬಾಗಿ ಅವನ ಎಲೆಯನ್ನು ಮಡಚಿದಳು.

ಇನ್ನೊಬ್ಬರ ಎಲೆಯನ್ನು ಮಡಚುವುದು ನಮ್ಮೂರಿನಲ್ಲಿ ಎಲ್ಲೂ ಇಲ್ಲ. ನಾನಂತೂ ನೋಡಿರಲಿಲ್ಲ. ಅವನು ಬಾಯಿ ತೆರೆದವನು ಹಾಗೇ ಮುಚ್ಚಿದ. ನಾನು ಪಾತ್ರೆ ತೊಳೆಯಲು ಎದ್ದು ಹೋದೆ.

ಕೋರ್ಟಿಗೆ ಇಬ್ಬರೂ ಒಟ್ಟಿಗೆ ಹೋಗಿ ಒಪ್ಪಂದ ಹೇಳಿದರು. ಮಗು ಅತ್ತೆಯ ಮನೆಯಲ್ಲಿರುತ್ತದೆ, ತಾಯಿ ತಂದೆ ದಿನಾ ಬಂದು ಹೋಗುತ್ತಾರೆ. ಜಡ್ಜು ಕನ್ನಡಕದ ಮೇಲಿನಿಂದ ನೋಡಿ, ಯಾರಿಗೂ ತಕರಾರಿಲ್ಲ ತಾನೇ ಎಂದು ರುಜು ಹಾಕಿದರಂತೆ. ಚಂಪಾ ಹೊರಗೆ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದಳು, ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ವಾಪಸ್ಸು ಬರುವಾಗ ದ್ಯಾವಪ್ಪನ ಬಸ್ಸೇ ಸಿಕ್ಕಿತು. ಅವನ ತಾಯಿಯ ಪಕ್ಕ ಜಾಗವಿತ್ತು, ಚಂಪಾ ಹೋಗಿ ಅಲ್ಲಿ ಕೂತಳು. ಮುದುಕಿ ಅವಳ ತಲೆ ಸವರಿದಳು.

ಗಂಡ ಹೆಂಡತಿ ಒಂದಾದರು ಎಂದು ನಾನು ಹೇಳುತ್ತಿಲ್ಲ. ಅವಳ ಮನೆ ಆ ಬೀದಿಯಲ್ಲೇ ಇದೆ, ಅವನು ಇನ್ನೂ ಒಂದು ತಂತಿ ಹಚ್ಚಿ ಬಂದೆ ಎನ್ನುತ್ತಾನೆ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮೆಸ್ಸಿಗೆ ಬರುತ್ತಾರೆ.

ನಿವೇದಿತಾ ಹೊರಟ ದಿನ ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಮಗುವನ್ನು ಮಾತಾಡಿಸಬೇಕೆಂದು ಹೋಗಿ, ಏನು ಮಾತಾಡುವುದೆಂದು ತಿಳಿಯದೆ, ಅವಳ ಜಡೆ ಚೆನ್ನಾಗಿದೆ ಎಂದು ಹೇಳಿ ಬಂದರು. ಸ್ವಲ್ಪ ದಿನಕ್ಕೆ ಕಂಪನಿಯ ಸೋಪು ನಮ್ಮೂರಿಗೆ ಬಂತು. ಶೆಟ್ಟರು ಎಲ್ಲರ ಚೀಲಕ್ಕೂ ಒಂದೊಂದು ಹಾಕಿದರು. ಊರಿನ ಅರ್ಧ ಜನಕ್ಕೆ ಅದರ ವಾಸನೆ ಬರುವುದಿಲ್ಲ, ನೊರೆ ಚೆನ್ನಾಗಿದೆ ಎನ್ನುತ್ತಾರೆ.

ಹೋದದ್ದು ವಾಪಸ್ಸು ಬರುವುದಿಲ್ಲ, ಅದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅವರಿಬ್ಬರೂ ಸಂಜೆ ಚಂಪಾಳ ಆಚೆ ಒಬ್ಬರು ಈಚೆ ಒಬ್ಬರು ಕೂತು, ಹೋದ ವಸ್ತುಗಳು ಹೇಗಿರುತ್ತವೆಂದು ಬಾಯಲ್ಲಿ ಹೇಳುತ್ತಾರೆ. ಇವತ್ತು ಸೀಬೆಹಣ್ಣಾದರೆ ನಾಳೆ ಜೋಕಾಲಿ. ಬೆಲ್ಲದ ದಿನ ಫಾಲಾಕ್ಷ ಒಂದು ಚೂರು ಬಾಯಿಗೆ ಹಾಕಿಕೊಂಡು ಅರ್ಧ ಗಂಟೆ ಹೇಳಿದ. ಬೆಕ್ಕಿನ ಮರಿ ಈಗ ದೊಡ್ಡದಾಗಿದೆ, ಅದು ಎಲ್ಲಿ ಕೂತಿದೆ ಎಂದು ಅವಳಿಗೆ ಯಾರಾದರೂ ಹೇಳುತ್ತಿರುತ್ತಾರೆ, ಅವಳು ತುಳಿಯದಂತೆ ದಾಟುತ್ತಾಳೆ. ನಾನು ಒಳಗೆ ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತೇನೆ.

ನಿನ್ನೆ ಹಳದಿಯ ಸರದಿ.

"ಹಳದಿ ಅಂದ್ರೆ ಬೆಳಿಗ್ಗೆ ಕಿಟಕಿ ತೆಗೆದಾಗ ಮುಖದ ಮೇಲೆ ಬೆಚ್ಚಗೆ ಬೀಳುತ್ತಲ್ಲ, ಹಾಗೆ ಪುಟ್ಟ," ಎಂದಳು ಕಾತ್ಯಾಯಿನಿ.

"ಬೆಚ್ಚಗೆ ಎಲ್ಲಿದೆ? ಹಳದಿ ಜೋರಾಗಿರುತ್ತೆ. ಸೈಕಲ್ ಬೆಲ್ ಹೊಡೆದ ಹಾಗೆ, ಟ್ರಿಣ್ ಅಂತ," ಎಂದ ಫಾಲಾಕ್ಷ.

"ಬೆಲ್ ಅಂತೆ ಬೆಲ್. ನೀವು ಹಳದೀನ ಸರಿಯಾಗಿ ನೋಡೇ ಇಲ್ಲ. ಬರೀ ತಂತಿ ನೋಡೋರು."

"ತಂತೀಲೂ ಹಳದಿ ಇರುತ್ತೆ ಕಣೆ."

ಚಂಪಾ ನಗುತ್ತಿದ್ದಳು. ಅಮ್ಮ ಮಾತಾಡಿದರೆ ಆ ಕಡೆ, ಅಪ್ಪ ಮಾತಾಡಿದರೆ ಈ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಎದ್ದು ಅಡುಗೆಮನೆಗೆ ಬಂದಳು. ನನ್ನ ಮುಡಿಯಲ್ಲಿ ಒಂದು ಚೆಂಡುಹೂವಿತ್ತು. ಕೈಚಾಚಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಅತ್ತೆ, ಅಮ್ಮ ಹೇಳಿದ್ದು ಅಪ್ಪ ಹೇಳಿದ್ದು ಎರಡೂ ಸೇರಿಸಿದ್ರೆ ಹಳದಿ ಆಗುತ್ತಾ?"

ನಾನು ಕತ್ತಿ ಕೆಳಗಿಟ್ಟೆ.

"ಆಗುತ್ತೆ," ಎಂದೆ.

ಅವಳು ಹೂವನ್ನು ಮತ್ತೆ ನನ್ನ ಮುಡಿಗೆ ಸಿಕ್ಕಿಸಿ, ಅವರಿಬ್ಬರ ನಡುವೆ ಕೂರಲು ಓಡಿದಳು.